"ಇಷ್ಟೇನಾಮ್ಮ?"

ನಿನ್ನೆ ಶಿವಮೊಗ್ಗದ ಒಂದು ಕಾಲೇಜಿನಲ್ಲಿ (ಹೆಸರು ಬೇಡ) ಪಿಎಚ್‌ಡಿ ಹುಡುಗಿಯೊಬ್ಬಳ ಪ್ರಗತಿ ಪರಿಶೀಲನೆ ಇತ್ತು, ನನ್ನನ್ನೂ ಕರೆದಿದ್ದರು. ಅಡಿಕೆ ಕೊನೆ (ಗೊನೆ) ತೆಗೆಯುವ ಕಾರ್ಬನ್ ಫೈಬರ್ ದೋಟಿಯ ಮೇಲೆ ಅವಳ ಕೆಲಸ. ದೋಟಿ ಅಂದರೆ ಕೊಳವೆಗಳನ್ನು ಜೋಡಿಸಿ ಉದ್ದ ಮಾಡುವ, ತುದಿಗೆ ಕತ್ತಿ ಇರುವ ಕೋಲು. ದೋಟಿ ಹಿಡಿದವರಿಗೆ ಗೊತ್ತು, ಒಂದೊಂದೇ ಕೊಳವೆ ಮೇಲೆ ಏರಿಸಿದ ಹಾಗೆ ತುದಿ ಕುಡಿದವನಂತೆ ತೂಗಾಡುತ್ತದೆ. ಕತ್ತು ನೋಯುತ್ತದೆಯೇ ಹೊರತು ಕತ್ತಿ ಕೊನೆಗೆ ತಾಗುವುದಿಲ್ಲ. ಈ ತೂಗಾಟದಲ್ಲಿ ಕೊಳವೆ ಬಾಗುವುದರ ಪಾಲೆಷ್ಟು, ಜೋಡಣೆ ಸಡಿಲ ಇರುವುದರ ಪಾಲೆಷ್ಟು ಅಂತ ಬೇರೆ ಬೇರೆಯಾಗಿ ಅಳೆದಿದ್ದಾಳೆ. ನಾಲ್ಕು ಪುಟದ ಸಂಶೋಧನಾ ಪೇಪರ್, ಎರಡು ಚಿತ್ರ, ಒಂದು ಸಮೀಕರಣ. ಮುಗೀತು.

ಎದುರಿಗಿದ್ದ ಹಿರಿಯರೊಬ್ಬರು ಪೇಪರ್ ಎತ್ತಿ ಹಿಂದೆ ಮುಂದೆ ತಿರುಗಿಸಿ, "ಇಷ್ಟೇನಾಮ್ಮ?" ಅಂದರು. ಅಡಿಕೆ ವ್ಯಾಪಾರದ ಮಂಡಿಯಲ್ಲಿ ಬೊಗಸೆ ತುಂಬ ಅಡಿಕೆ ಎತ್ತಿ ನೋಡ್ತಾರಲ್ಲ, ಥೇಟ್ ಹಾಗೆ. ಮಂಡಿಯಲ್ಲಾದರೂ ಒಂದನ್ನು ಒಡೆದು ಒಳಗೆ ನೋಡ್ತಾರೆ. ಇವರು ಅದನ್ನೂ ಮಾಡಲಿಲ್ಲ. "ಲಿಟರೇಚರ್ ಸರ್ವೆ ಸೇರಿಸಿ, ಇನ್ನೊಂದಿಷ್ಟು ಗ್ರಾಫ್ ಹಾಕಿ, ಇಪ್ಪತ್ತು ಪುಟ ಮಾಡಿ" ಅಂತ ಸಲಹೆ ಬೇರೆ.

ಎಂತಕ್ಕೆ ಮಾರಾಯ್ರೆ? ಹೇಳಬೇಕಾದ್ದು ನಾಲ್ಕು ಪುಟಕ್ಕೆ ಮುಗಿದಿದೆ. ಉಳಿದ ಹದಿನಾರಕ್ಕೆ ನೀರು ಎಲ್ಲಿಂದ ತರಬೇಕು, ತುಂಗೆಯಿಂದಲಾ?

ರಾಬರ್ಟ್ ಹುಕ್ 1676ರಲ್ಲಿ ಸ್ಪ್ರಿಂಗಿನ ನಿಯಮವನ್ನು ಅಕ್ಷರ ಕಲಸಿ ಒಗಟು ಮಾಡಿ ಅಚ್ಚು ಹಾಕಿಸಿದ. ಬೇರೆ ಯಾರಾದರೂ ಮೊದಲು ಹೇಳಿಬಿಟ್ಟಾರು ಅಂತ. ಬಿಡಿಸಿ ಹೇಳಿದ್ದು 1678ರಲ್ಲಿ: ಎಳೆತ ಎಷ್ಟೋ ಬಲವೂ ಅಷ್ಟು. ಇಡೀ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪಾಠ ನಿಂತಿರುವುದು ಆ ಒಂದು ಸಾಲಿನ ಮೇಲೆ. ಇಷ್ಟೇನಾ?

ರಾಮನ್ ಮತ್ತು ಕೃಷ್ಣನ್ 1928ರ ಫೆಬ್ರವರಿ 16ರಂದು ಬರೆದ ಪುಟ್ಟ ಟಿಪ್ಪಣಿ ಮಾರ್ಚ್ 31ರ ನೇಚರ್ ಜರ್ನಲ್‌ನಲ್ಲಿ ಬಂತು. (ಅದು ಬೆಳಕಿನ ವಿಷಯ, ಬಲ-ಚಲನೆಯ ನಮ್ಮ ಮೆಕ್ಯಾನಿಕ್ಸ್ ಅಲ್ಲ, ಗೊತ್ತು. ತಿದ್ದೋಕೆ ಬರಬೇಡಿ.) ಇಮೇಲ್ ಇಲ್ಲದ ಕಾಲದಲ್ಲಿ ಆರು ವಾರ! ಈಗ ನಮ್ಮ ಪೇಪರು 'ಅಂಡರ್ ರಿವ್ಯೂ' (ಬೇರೆ ತಜ್ಞರು ಓದಿ ನೋಡುತ್ತಿದ್ದಾರೆ) ಅಂತ ತೋರಿಸುತ್ತಲೇ ಒಂದು ಮಳೆಗಾಲ ಕಳೆದು ಇನ್ನೊಂದು ಬರುತ್ತದೆ. ಮೆಕ್ಯಾನಿಕ್ಸ್‌ನಲ್ಲೂ ಸಣ್ಣ ಪೇಪರನ್ನು ಬೇಗ ಅಚ್ಚು ಹಾಕುವ ಜರ್ನಲ್‌ಗಳಿವೆ. ಮೆಕ್ಯಾನಿಕ್ಸ್ ರಿಸರ್ಚ್ ಕಮ್ಯುನಿಕೇಶನ್ಸ್ 1974ರಿಂದ ಇದೆ, ಎಕ್ಸ್‌ಟ್ರೀಮ್ ಮೆಕ್ಯಾನಿಕ್ಸ್ ಲೆಟರ್ಸ್ 2014ರಲ್ಲಿ ಶುರುವಾಯಿತು. ನಮ್ಮ ಕಮಿಟಿಗಳಿಗೆ ಸುದ್ದಿ ಇನ್ನೂ ತಲುಪಿಲ್ಲ.

ಬೇಗ ಅಚ್ಚಾದರೆ ಕಸ ಜಾಸ್ತಿಯಾಗುತ್ತೆ ಅನ್ನುವವರಿದ್ದಾರೆ. ದುಡ್ಡು ಕೊಟ್ಟರೆ ಮೂರೇ ದಿನದಲ್ಲಿ ಒಪ್ಪುವ ಅಂಗಡಿಗಳಿರುವುದು ನಿಜ. ಆದರೆ ಅವರು ಬೇಗ ಓದಿದವರಲ್ಲ, ಓದದೇ ಇದ್ದವರು. ಇನ್ನು ಕಸದ ಮಾತು. ಇಪ್ಪತ್ತೆಂಟು ಪುಟದ ಕಸವನ್ನೂ ಗುಡಿಸಿದ್ದೇನೆ ನಾನು. ನಾಲ್ಕು ಪುಟದಲ್ಲಿ ತಪ್ಪು ಬಚ್ಚಿಟ್ಟುಕೊಳ್ಳಲು ಮೂಲೆಯೇ ಇರುವುದಿಲ್ಲ.

ಇಷ್ಟೆಲ್ಲ ಕೂಗಾಡಿದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ಇಂಥದ್ದೇ ಒಂದು ಸಣ್ಣ ಪೇಪರ್ ನನಗೆ ರಿವ್ಯೂಗೆ ಬಂತು. ಮೂರು ವಾರದಲ್ಲಿ ಕೊಡ್ತೀನಿ ಅಂತ ಒಪ್ಪಿಕೊಂಡೆ. ಅಷ್ಟರಲ್ಲಿ ನಮ್ಮ ಅಡಿಕೆ ಕೊಯ್ಲು ಶುರುವಾಯಿತು. ಸುಲಿಯುವವರು ಒಂದು ದಿನ ಬಂದರೆ ಎರಡು ದಿನ ಇಲ್ಲ, ಬೇಯಿಸುವ ಹಂಡೆಯ ಮುಂದೆ ನಾನೇ ಕೂತೆ, ಒಣಗಲು ಹಾಕಿದ ಮೇಲೆ ಮೋಡ. ಜರ್ನಲ್‌ನವರು ಮೂರು ಸಲ ನೆನಪಿಸಿದರು. ಮೊಬೈಲಿಗೆ ಚೊಗರಿನ (ಅಡಿಕೆ ಬೇಯಿಸಿದ ಕೆಂಪು ರಸದ) ಕೈ ತಾಗಿಸಲಾರೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೊಟ್ಟದ್ದು ಮೂರೂವರೆ ತಿಂಗಳ ಮೇಲೆ, ಹನ್ನೊಂದು ಸಾಲು. ಓದಲು ಹಿಡಿದದ್ದು ಒಂದೂವರೆ ಗಂಟೆ.

ನಿನ್ನೆಯೂ ಆ ಹಿರಿಯರಿಗೆ ಎದುರು ಹೇಳಿದೆನಾ? ಇಲ್ಲ. ಅಷ್ಟೊತ್ತಿಗೆ ಕಾಫಿ ಬಂತು. ಹೊರಗೆ ಬಂದ ಮೇಲೆ ಹುಡುಗಿಯನ್ನು ಕರೆದು, "ಒಂದು ಪುಟವೂ ಹೆಚ್ಚಿಸಬೇಡ, ಇವತ್ತೇ ಕಳಿಸು" ಅಂದೆ.

"ಆಯ್ತು ಸಾರ್. ರಿವ್ಯೂ ಮಾಡೋರು ಎಷ್ಟು ದಿನ ತಗೋತಾರೆ ಸಾರ್?"

ನಾನು ಫೋನ್ ಬಂದ ಹಾಗೆ ನಾಟಕ ಮಾಡಿ ಸ್ಕೂಟರ್ ಕಡೆ ನಡೆದೆ.