ಬಿಡೋದೂ ಆಟವೇ ಸ್ವಾಮಿ

ಇವತ್ತು ಬೆಳಗ್ಗೆ ಕ್ರಿಕೆಟ್ ನೆಟ್ಸ್ ಪಕ್ಕದಲ್ಲಿ ನಿಂತು ಒಬ್ಬ ಅಪ್ಪ ಕೂಗ್ತಿದ್ದರು: "ಬಿಡೋಕಾ ಇಷ್ಟು ಫೀಸು ಕಟ್ಟಿರೋದು? ಹೊಡಿಯೋ!" ಹುಡುಗನಿಗೆ ಹನ್ನೆರಡು ಇರಬಹುದು. ಆಫ್ ಸ್ಟಂಪಿನ (ಮೂರು ಕಡ್ಡಿಗಳಲ್ಲಿ ಆಡುವವನ ಕಾಲಿನಿಂದ ದೂರದ್ದು) ಆಚೆ ಹೋಗುತ್ತಿದ್ದ ಚೆಂಡನ್ನು ಕೈ ಮೇಲೆತ್ತಿ ಚೆಂದವಾಗಿ ಬಿಟ್ಟಿದ್ದ. ಬೈಸಿಕೊಂಡ ಮೇಲೆ ಮುಂದಿನ ಚೆಂಡಿಗೆ ಬ್ಯಾಟು ಬೀಸಿದ, ಅಂಚಿಗೆ ತಾಗಿ ಹಿಂದಿನ ಬಲೆಗೆ ಹೋಯಿತು. ಅಪ್ಪ ಚಪ್ಪಾಳೆ ತಟ್ಟಿದರು. ಪಂದ್ಯದಲ್ಲಾದ್ರೆ ಔಟಾಗೋ ಸ್ಲಿಪ್ ಕ್ಯಾಚಿಗೆ ಚಪ್ಪಾಳೆ! ಸಂಜೆ ಇದೇ ಮಹಾಶಯರು ವಾಟ್ಸಾಪ್ ಸ್ಟೇಟಸ್ಸಿಗೆ ದ್ರಾವಿಡ್ ಫೋಟೊ ಹಾಕಿ ಕೆಳಗೆ 'ಬದ್ಧತೆ, ನಂಬಿಕೆ' ಅಂತ ಬರೀತಾರೆ, ಬೇಕಾದ್ರೆ ಬೆಟ್ ಕಟ್ತೀನಿ.

ನನ್ನ ತಕರಾರು ಇಷ್ಟೇ. ದ್ರಾವಿಡ್ ಹೆಸರು ಹೇಳಿ ನಂಬಿಕೆಯ ಬಗ್ಗೆ ಭಾಷಣ ಬಿಗಿಯೋರಿಗೆ ಆ ನಂಬಿಕೆ ಯಾವುದರ ಮೇಲಿತ್ತು ಅನ್ನೋದೇ ಗೊತ್ತಿಲ್ಲ. ಅದು ಇದ್ದದ್ದು ಆಫ್ ಸ್ಟಂಪಿನ ಮೇಲೆ. ಬೆನ್ನ ಹಿಂದೆ ಇರೋ ಕಡ್ಡಿ ಎಲ್ಲಿದೆ ಅಂತ ತಿರುಗಿ ನೋಡದೆ ಗೊತ್ತಿರೋದರ ಮೇಲೆ.

ಮೂರೂ ಸ್ಟಂಪು ಸೇರಿ ಅಗಲ 9 ಇಂಚು, ಎತ್ತರ 28 ಇಂಚು. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಬ್ಯಾಟಿನ ಹತ್ತಿರ ಬರೋಕೆ ಸುಮಾರು ಅರ್ಧ ಸೆಕೆಂಡು. ಇಷ್ಟರಲ್ಲಿ ದೇವರನ್ನು ನೆನೆಯೋಕೂ ಪುರುಸೊತ್ತಿಲ್ಲ. ಹಾಗಾಗಿ ಕೆಲಸ ಮೊದಲೇ ಆಗಿರಬೇಕು. ಅಂಪೈರನ್ನು ಕೇಳಿ ಗಾರ್ಡ್ (ಸ್ಟಂಪಿನ ಲೆಕ್ಕದಲ್ಲಿ ನಿಲ್ಲೋ ಜಾಗ) ತಗೋಬೇಕು, ಶೂ ಮೊಳೆಯಿಂದ ಗೀರು ಎಳೆಯಬೇಕು. ಬೌಲರ್ ಚೆಂಡು ಎಸೆಯೋ ಹೊತ್ತಿಗೆ ಹಿಂಗಾಲು ಹಿಂದಕ್ಕೆ ಮತ್ತು ಅಡ್ಡಕ್ಕೆ ಸರಿದು ಆಫ್ ಸ್ಟಂಪಿನ ನೇರಕ್ಕೆ ಬರಬೇಕು, ತಲೆ ಅದರ ಮೇಲೆ. ಆಗ ಲೆಕ್ಕ ಸುಲಭ: ಕಣ್ಣಿನ ಗೆರೆಯಿಂದ ಆಚೆ ಹೋಗೋದೆಲ್ಲ ಸ್ಟಂಪಿನಿಂದಲೂ ಆಚೆ. ಗಾರ್ಡ್ ನಾಲ್ಕು ಬೆರಳು ಜರುಗಿದರೆ ಇಡೀ ದಿನ ಕಣ್ಣು ಸುಳ್ಳು ಹೇಳುತ್ತೆ. ನಮ್ಮ ಮ್ಯಾಟಿಂಗ್ ನೆಟ್ಸಿನಲ್ಲಿ ಆಗೋದು ಇದೇ. ಗೀರು ಎಳೆಯೋಕಾಗಲ್ಲ, ಮಕ್ಕಳು ತಮಗೆ ಗೊತ್ತಿಲ್ಲದೆ ಲೆಗ್ ಸ್ಟಂಪಿಗೆ ಸರಿದು ನಿಂತು ಎಲ್ಲದಕ್ಕೂ ಕೈ ಚಾಚ್ತಾರೆ. ಒಂದು ತುಂಡು ಸೀಮೆಸುಣ್ಣ ಸಾಕು. ಯಾರೂ ತರಲ್ಲ. ಮೂವತ್ತು ಸಾವಿರದ ಬ್ಯಾಟು ಮಾತ್ರ ತರ್ತಾರೆ.

ಗೆರೆ ನೋಡಿ ಬಿಡೋದು ಒಂದು, ಪುಟಿತ ನೋಡಿ ಬಿಡೋದು ಇನ್ನೊಂದು. ಚೆಂಡು ಹೆಚ್ಚು ಪುಟಿಯೋ ಆಸ್ಟ್ರೇಲಿಯಾದ ಪರ್ತ್, ಬ್ರಿಸ್ಬೇನಿನಲ್ಲಿ ಸ್ಟಂಪಿನ ನೇರಕ್ಕೇ ಬಂದ ಚೆಂಡು ಬೇಲ್ಸ್ ಮೇಲೆ ಹಾರಿ ಹೋಗುತ್ತೆ ಅಂತ ನಂಬಿ ಬಿಡಬಹುದು. ಅದೇ ನಂಬಿಕೆ ನಮ್ಮ ಕಡೆಯ ಸವೆದ ಪಿಚ್ಚಿನಲ್ಲಿ ಇಟ್ಟರೆ ಬೌಲ್ಡ್. ಬಿಡೋವಾಗ ಕೈ ಎದೆಗೂ ಮೇಲೆ, ಒಳಕ್ಕೆ ಹೋಗಬೇಕು. ಅರ್ಧ ಮನಸ್ಸಿನಿಂದ ಬ್ಯಾಟನ್ನು ಹಾಗೇ ನೇತಾಡಿಸಿದರೆ ಅಂಚಿಗೆ ತಾಗಿ ಕೀಪರಿಗೆ ಹೋಗುತ್ತೆ. ಕಾನೂನೂ ಬಿಡುವವನ ಪರ ಇಲ್ಲ: ಆಡಲು ಪ್ರಯತ್ನಿಸದೆ ನಿಂತಾಗ ಆಫ್ ಸ್ಟಂಪಿನ ಆಚೆ ಪ್ಯಾಡಿಗೆ ಬಡಿದರೂ, ಚೆಂಡು ಸ್ಟಂಪಿಗೆ ಹೋಗುವಂತಿದ್ದರೆ ಔಟ್, ಎಲ್‌ಬಿಡಬ್ಲ್ಯು. ಮೈಗೆ ಬಡಿದ ಚೆಂಡಿಗೆ ಲೆಗ್ ಬೈ ಓಡಿದರೂ ರನ್ ಕೊಡಲ್ಲ. ಎಲ್ಲಾ ಗೊತ್ತಿದ್ದೂ ಬಿಡೋಕೆ ಎದೆ ಬೇಕು.

ಕನ್ನಡದಲ್ಲಿ 'ಶ್ರದ್ಧೆ' ಅಂದರೆ ನಂಬಿಕೆಯೂ ಹೌದು, ಗಮನವಿಟ್ಟು ಮಾಡೋ ಕೆಲಸವೂ ಹೌದು. ಅಜ್ಜಿ 'ಶ್ರದ್ಧೆಯಿಂದ ಓದೋ' ಅಂದಾಗ ಪುಸ್ತಕಕ್ಕೆ ಕೈಮುಗಿ ಅಂತ ಅಲ್ಲವಲ್ಲ. ಈ ಒಂದು ಪದ ಅರ್ಥವಾಗಿದ್ದರೆ ಆ ಸ್ಟೇಟಸ್‌ಗಳಲ್ಲಿ ಅರ್ಧ ಕಮ್ಮಿ ಆಗ್ತಿತ್ತು.

2004ರ ಜನವರಿ, ಸಿಡ್ನಿ. ಆ ಸರಣಿಯಲ್ಲಿ ಆಫ್ ಸ್ಟಂಪಿನ ಆಚೆಯ ಚೆಂಡಿಗೆ ಕೈ ಹಾಕಿ ಸುಟ್ಟುಕೊಂಡಿದ್ದ ತೆಂಡೂಲ್ಕರ್, ಆಫ್ ಕಡೆಗೆ ಬಾರಿಸೋ ಕವರ್ ಡ್ರೈವನ್ನೇ ಕಟ್ಟಿಟ್ಟು 436 ಎಸೆತ ಆಡಿದರು. ಔಟಾಗದೆ 241. ಜಗತ್ತೇ ಮೆಚ್ಚಿದ ಹೊಡೆತವನ್ನು ಬಿಟ್ಟು ಕೂರೋದು ಉಪವಾಸಕ್ಕಿಂತ ಕಷ್ಟ. ಅದಕ್ಕೂ ಮುಂಚೆ 2003ರ ಡಿಸೆಂಬರಿನಲ್ಲಿ ಅಡಿಲೇಡ್: ಆಸ್ಟ್ರೇಲಿಯಾ 556, ನಮ್ಮದು 4 ವಿಕೆಟ್ಟಿಗೆ 85. ಅಲ್ಲಿಂದ ದ್ರಾವಿಡ್, ಲಕ್ಷ್ಮಣ್ ಸೇರಿ 303 ಕೂಡಿಸಿದರು. ದ್ರಾವಿಡ್ 233, ಎರಡನೇ ಸರದಿಯಲ್ಲಿ ಔಟಾಗದೆ 72, ಪಂದ್ಯ ನಮ್ಮದು. ಟೆಸ್ಟ್ ಬದುಕಿನಲ್ಲಿ ಅವರು ಎದುರಿಸಿದ್ದು 31,258 ಎಸೆತ, ರನ್ 13,288. ರನ್ನು ಬಾರದ ಎಸೆತವೆಲ್ಲ ಎಲ್ಲಿ ಹೋಯಿತು ಅಂದ್ಕೊಂಡ್ರಿ? ಬಿಟ್ಟದ್ದು, ತಡೆದದ್ದು. ಅದನ್ನೆಲ್ಲ ಸೋಮಾರಿತನ ಅಂತೀರಾ?

ಬಿಟ್ಟರೆ ಬರೋ ಲಾಭವೂ ಇದೆ. ಇಪ್ಪತ್ತು ಚೆಂಡು ಬಿಡಿ, ಬೌಲರಿಗೆ ಬೇಜಾರಾಗಿ ಸ್ಟಂಪಿಗೆ ಹಾಕೋಕೆ ಶುರು ಮಾಡ್ತಾನೆ, ಕಾಲಿನ ಮೇಲೆ ಬಂದದ್ದನ್ನ ಮಿಡ್‌ವಿಕೆಟ್ಟಿಗೆ ತಳ್ಳಬಹುದು. ಅಷ್ಟರಲ್ಲಿ ಚೆಂಡೂ ಮೆತ್ತಗಾಗಿರುತ್ತೆ.

'ಸಾರ್, ಇದು ಟಿ20 ಕಾಲ' ಅಂತ ಕಾಮೆಂಟಿನಲ್ಲಿ ಬರ್ತಾರೆ, ಬನ್ನಿ. ವೈಡ್ ಚೆಂಡನ್ನು ಬಿಟ್ಟರೆ ಒಂದು ರನ್ನು, ಮೇಲೊಂದು ಎಸೆತ ಪುಕ್ಕಟೆ. ಬ್ಯಾಟಿನ ತುದಿ ತಗುಲಿಸಿದರೆ ಎರಡೂ ಹೋಯಿತು. ನಿಮ್ಮ 120 ಎಸೆತದಲ್ಲೂ ಆಫ್ ಸ್ಟಂಪ್ ಇದ್ದಲ್ಲೇ ಇರುತ್ತೆ. ಒಪ್ಕೋತೀನಿ, ಟೀವಿ ಮುಂದೆ ಕೂತು 'ಒಂದು ರನ್ನಾದ್ರೂ ತಗೊಳಪ್ಪ' ಅಂತ ದ್ರಾವಿಡ್‌ಗೆ ಗೊಣಗಿದ ಪಾಪಿ ನಾನೂ.

ಮನೆಯಲ್ಲಿ ಮಾಡಿಸಿ. ಆಫ್ ಸ್ಟಂಪಿನಿಂದ ಬೌಲರ್ ಕಡೆಗೆ ಸುಣ್ಣದ ಗೆರೆ. 15 ಹೆಜ್ಜೆ ದೂರದಿಂದ ಟೆನಿಸ್ ಬಾಲು, ಮೂವತ್ತು ಎಸೆತ. ಚೆಂಡು ನೆಲ ಮುಟ್ಟೋ ಮೊದಲೇ ಮಗು 'ಆಡು' ಅಥವಾ 'ಬಿಡು' ಅಂತ ಗಟ್ಟಿಯಾಗಿ ಹೇಳಬೇಕು. ಸರಿಯಾಗಿ ಬಿಟ್ಟರೆ ಒಂದು ಅಂಕ, ಬಿಡಬೇಕಾದ್ದನ್ನ ಮುಟ್ಟಿದರೆ ಎರಡು ಕಳೀರಿ. ತಲೆ ಆಫ್ ಕಡೆಗೆ ವಾಲ್ತಿದ್ದರೆ ಎಲ್ಲವೂ ಹತ್ತಿರ ಕಾಣುತ್ತೆ, ಅದನ್ನ ಮೊದಲು ಸರಿಮಾಡಿ.

ಈ ನಂಬಿಕೆ ಕೈಕೊಡೋದೂ ಉಂಟು. 2011-12ರ ಆಸ್ಟ್ರೇಲಿಯಾ ಪ್ರವಾಸದ ಎಂಟು ಸರದಿಗಳಲ್ಲಿ ಆರು ಸಲ ದ್ರಾವಿಡ್ ಬೌಲ್ಡ್. 'ಗೋಡೆ' ಅಂತಲೇ ಹೆಸರಾದವರು ನೋಡಿ, ಗೋಡೆಯಲ್ಲಿ ಬಿರುಕು ಅಂತ ಪೇಪರಿನವರಿಗೆ ಹಬ್ಬ. ಮಾರ್ಚಿನಲ್ಲಿ ಬೆಂಗಳೂರಲ್ಲಿ ಕೂತು, ಗಲಾಟೆ ಇಲ್ಲದೆ, ಆಟವನ್ನೇ ಬಿಟ್ಟರು.

ಅಂದಹಾಗೆ ಇವತ್ತು ಆ ಹುಡುಗ ಬಿಟ್ಟ ಚೆಂಡು ಆಫ್ ಸ್ಟಂಪಿನಿಂದ ಒಂದು ಗೇಣು ಆಚೆ ಹೋಯಿತು. ಬೌಲರ್ ಹಿಂದೆ ನಿಂತಿದ್ದ ನನಗೆ ಕಂಡಿತು. ಅಪ್ಪ ನಿಂತಿದ್ದು ಸ್ಕ್ವೇರ್ ಲೆಗ್ಗಿನಲ್ಲಿ, ಅಂದರೆ ಹುಡುಗನ ಪಕ್ಕಕ್ಕೆ, ಅಲ್ಲಿಂದ ಗೆರೆ ಕಾಣಲ್ಲ.