ಬೆರಳಿಗೊಂದು ನಿಂಬೆಹಣ್ಣು

ನಮ್ಮ ದಾವಣಗೆರೆಯಲ್ಲಿ ಬೆರಳಿಗೆ ಏನೇ ಆದರೂ ಅದು ಉಗುರುಸುತ್ತೇ. ನನ್ನ ಬಲಗೈ ತೋರುಬೆರಳಿನಲ್ಲಿ, ಉಗುರಿನ ಬುಡಕ್ಕೂ ಕೊನೆಯ ಗೆಣ್ಣಿಗೂ ನಡುವೆ, ಒಂದು ಹೊಳೆಯುವ ಗುಳ್ಳೆ ಎದ್ದಿತು. ನೋವಿಲ್ಲ, ಕೀವಿಲ್ಲ, ಕೆಂಪಗೂ ಆಗಿಲ್ಲ. ಉಗುರುಸುತ್ತಾದರೆ ರಾತ್ರಿಯಿಡೀ ಮಿಡಿದು ನಿದ್ದೆ ಕೆಡಿಸುತ್ತೆ, ಇದು ಪಾಪ ಸುಮ್ನೆ ಕೂತಿತ್ತು. ಅಷ್ಟೆಲ್ಲ ಹೇಳಿದರೂ ಅತ್ತೆ ಕೇಳಬೇಕಲ್ಲ, ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ತೊಡಿಸಿಯೇ ಬಿಟ್ಟರು.

ನಿಂಬೆಹಣ್ಣು ತೊಟ್ಟುಕೊಂಡು ಸಂಸಾರ ಮಾಡೋದು ಎಷ್ಟು ಕಷ್ಟ ಅಂತ ತೊಟ್ಟವರಿಗೇ ಗೊತ್ತು. ಮೊಬೈಲ್ ಲಾಕ್ ತೆಗೆಯೋದು ಅದೇ ಬೆರಳಿನಿಂದ. ಬೆಣ್ಣೆ ದೋಸೆ ಹೋಟೆಲಿನಲ್ಲಿ ದುಡ್ಡು ಕೊಡೋಕೆ ಹೋದರೆ ಫೋನ್ ಬಾಯಿ ಬಿಡಲಿಲ್ಲ, ಪಾಸ್‌ವರ್ಡ್ ನೆನಪಿಲ್ಲ, ಹಿಂದೆ ಜನ ಸಾಲು ನಿಂತಿದ್ದಾರೆ. ಗಲ್ಲಾದಲ್ಲಿದ್ದ ಹುಡುಗ, "ಅಕ್ಕಾರೆ, ನಿಂಬೆಹಣ್ಣು ಬೇಕಂದ್ರೆ ನಾವೇ ಕೊಡ್ತಿದ್ವಲ್ಲ, ಮನೆಯಿಂದ ಯಾಕೆ ತಂದ್ರಿ?" ಅಂದ.

ಅಷ್ಟರಲ್ಲಿ ಉಗುರಿನ ಉದ್ದಕ್ಕೂ ಒಂದು ಗೀರು ಬಿದ್ದಿತ್ತು, ಬೇಸಿಗೆಯ ಭದ್ರಾ ಚಾನಲ್ ತರಹ, ನೀರಿಲ್ಲ ಕಾಲುವೆ ಮಾತ್ರ ಇದೆ. ಪಕ್ಕದ ಮನೆ ಅಂಕಲ್ ಸೂಜಿ ಕಾಯಿಸಿಕೊಂಡು ರೆಡಿಯಾಗಿ ಬಂದರು. ನಾನು ಚಪ್ಪಲಿ ಮೆಟ್ಟಿಕೊಂಡು ಸೀದಾ ಚರ್ಮದ ಡಾಕ್ಟರ ಹತ್ತಿರ ಹೋದೆ.

ಇದು ಮ್ಯೂಕಸ್ ಸಿಸ್ಟ್ ಅಂದರು. ವಯಸ್ಸಾಗುತ್ತಾ ಬೆರಳ ಗೆಣ್ಣು ಸವೆಯುತ್ತೆ, ಅಲ್ಲಿನ ಜೆಲ್ಲಿಯಂಥ ದ್ರವ ಹೊರಗೆ ಬಂದು ಚೀಲ ಕಟ್ಟುತ್ತೆ, ಅದು ಉಗುರು ಹುಟ್ಟುವ ಜಾಗವನ್ನು ಒತ್ತೋದಕ್ಕೇ ಗೀರು. ಕ್ಯಾನ್ಸರ್ ಅಲ್ಲ. ಸೂಜಿ ವಿಷಯ ಹೇಳಿದಾಗ ಮಾತ್ರ ಮುಖ ಗಂಟಿಕ್ಕಿದರು: ಚೀಲಕ್ಕೂ ಗೆಣ್ಣಿಗೂ ಬಹಳ ಸಲ ದಾರಿ ಇರುತ್ತಂತೆ, ಮನೆಯಲ್ಲಿ ಚುಚ್ಚಿದರೆ ಸೋಂಕು ಒಳಗೇ ಇಳಿಯಬಹುದು. ಆಸ್ಪತ್ರೆಯಲ್ಲಾದರೆ ಶುದ್ಧವಾಗಿ ಚುಚ್ಚಿ ದ್ರವ ತೆಗೀತಾರೆ, ಇಲ್ಲವೇ ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ನಿನಿಂದ ಸುಡ್ತಾರೆ. ಎರಡರಲ್ಲೂ ಮತ್ತೆ ಬರೋ ಸಾಧ್ಯತೆ ಇದೆ. ಆಪರೇಷನ್ ಮಾಡಿ, ಗೆಣ್ಣಿನಲ್ಲಿ ಬೆಳೆದ ಮೂಳೆಯ ಮುಳ್ಳನ್ನೂ ಕೆರೆದು ತೆಗೆದರೆ ಮರಳಿ ಬರೋದು ಕಡಿಮೆ, ಆದರೆ ಕೆಲವರಿಗೆ ಆಮೇಲೆ ಬೆರಳು ಬಿಗಿಯುತ್ತೆ. ನೋವಿಲ್ಲ ಅಂದರೆ ಹಾಗೇ ಬಿಡಿ ಅಂದರು. ಏನೂ ಮಾಡಬೇಡಿ ಅನ್ನೋದಕ್ಕೆ ಫೀಸು ಕೊಟ್ಟಿದ್ದು ಇದೇ ಮೊದಲು. ನನಗಂತೂ ಖುಷಿ.

ಅತ್ತೆಗೆ ಮಾತ್ರ ಚೀಟಿ ಬರೆಯದ ಡಾಕ್ಟರ್ ಮೇಲೆ ನಂಬಿಕೆಯೇ ಇಲ್ಲ. ನಿನ್ನೆ ಹರಿಹರದ ಬೀಗರಿಗೆ ಫೋನ್ ಮಾಡಿ ಕೇಳ್ತಿದ್ದರು: "ನಿಮ್ಮ ಕಡೆ ದೊಡ್ಡ ನಿಂಬೆಹಣ್ಣು ಸಿಗ್ತಾವೇನ್ರೀ?"