ಕಿರ್ದಿಯಂಥದೊಂದು ಬ್ಲಾಗು

ಬ್ಲಾಗ್ ಶುರು ಮಾಡ್ತೀನಿ ಅಂತ ಮಂಡಿಯಲ್ಲಿ ಬಾಯಿಬಿಟ್ಟಿದ್ದೇ ತಪ್ಪಾಯಿತು. ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ರೇಟಿಗಿಂತ ಬೇಗ ಓಡುವುದು ಗುಮಾಸ್ತರ ಸುದ್ದಿಯೊಂದೇ. ಮಧ್ಯಾಹ್ನದ ಚಹಾದ ಹೊತ್ತಿಗೆ ಪಕ್ಕದ ಅಂಗಡಿಯ ಗುಮಾಸ್ತರು ಬಂದು, ಆಚೀಚೆ ನೋಡಿ, ದನಿ ತಗ್ಗಿಸಿ, "ಏನ್ರೀ, ಬ್ಲಾಕಲ್ಲಿ ಏನೋ ಶುರು ಮಾಡ್ಕಂಡಿದೀರಂತೆ?" ಎಂದು ಕೇಳಿದರು. ಬ್ಲಾಕ್ ಅಲ್ರೀ, ಬ್ಲಾಗ್, ಅನ್ನಿಸಿದ್ದು ಬರೆದು ಇಂಟರ್‌ನೆಟ್‌ನಲ್ಲಿ ಹಾಕೋದು ಎಂದು ಬಿಡಿಸಿ ಹೇಳಿದೆ. ಅವರಿಗೆ ನಿರಾಸೆಯಾದದ್ದು ಮುಖದಲ್ಲೇ ಕಾಣಿಸಿತು. "ಅದರಾಗೆ ಏನ್ ಗಿಟ್ತತಿ?" ಎಂದರು. ಏನೂ ಗಿಟ್ಟಲ್ಲ ಎಂದಾಗ ಮತ್ತೆ ಅನುಮಾನ ಬಂತು.

ಇಪ್ಪತ್ತೆರಡು ವರ್ಷದಿಂದ ನಾನು ಬರೆಯುವ ಕೆಲಸವನ್ನೇ ಮಾಡುತ್ತಿದ್ದೇನೆ. ಬರೆಯುವುದು ಕಿರ್ದಿ, ಅಂದರೆ ಅಂಗಡಿಯ ದಿನದಿನದ ಲೆಕ್ಕದ ಪುಸ್ತಕ. ಈಗ ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಗಿದ್ದರೂ ನಮ್ಮ ಸಾಹುಕಾರರು ಬಲಿಪಾಡ್ಯಮಿಗೆ ಹೊಸ ಕಿರ್ದಿ ತಂದು, ಕುಂಕುಮ ಹಚ್ಚಿ, ಮೊದಲ ಪುಟದ ನೆತ್ತಿಯಲ್ಲಿ ಶ್ರೀ ಬರೆಸುವುದನ್ನು ಬಿಟ್ಟಿಲ್ಲ. ಹಾಗಾಗಿ ಬ್ಲಾಗಿನ ಇತಿಹಾಸ ಓದಿದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ವೆಬ್‌ಲಾಗ್ ಎಂಬ ಮಾತನ್ನು ಜಾರ್ನ್ ಬಾರ್ಜರ್ ಎಂಬವರು ಹುಟ್ಟಿಸಿದ್ದು 1997ರಲ್ಲಿ. ನಮ್ಮ ದಾವಣಗೆರೆ ಚಿತ್ರದುರ್ಗದ ಮಗ್ಗುಲಿಂದ ಎದ್ದು ಬೇರೆ ಜಿಲ್ಲೆಯಾದದ್ದೂ ಅದೇ ವರ್ಷ. 1999ರಲ್ಲಿ ಪೀಟರ್ ಮೆರ್‌ಹೋಲ್ಜ್ ಎಂಬವರು ತಮಾಷೆಗೆ ಆ ಮಾತನ್ನು ಮುರಿದು ಬ್ಲಾಗ್ ಅಂದರು. ಲಾಗ್ ಎಂದರೆ ಹಡಗಿನವರು ದಿನದಿನವೂ ಬರೆದಿಡುವ ಪುಸ್ತಕ. ತಾರೀಖು ಹಾಕು, ಆದದ್ದು ಬರೆ. ಹಡಗಿನ ಬದಲು ಅಡ್ಡೆಗಾಡಿ ಇಟ್ಟುಕೊಂಡರೆ ಅದೇ ಕಿರ್ದಿ. ವ್ಯತ್ಯಾಸ ಒಂದೇ, ಬ್ಲಾಗಿನಲ್ಲಿ ಇವತ್ತಿನದು ಮೇಲೆ ಬರುತ್ತದೆ, ಕಿರ್ದಿಯಲ್ಲಿ ಕೆಳಗೆ.

ಆದ್ದರಿಂದ ಕಿರ್ದಿಯಷ್ಟು ಸರಳವಾದದ್ದು ಒಂದು ಹುಡುಕಿಕೊಡು ಎಂದು ತಂಗಿಯ ಮಗನಿಗೆ ಹೇಳಿದೆ. ಎಂಜಿನಿಯರಿಂಗ್ ಮೂರನೇ ವರ್ಷದ ಹುಡುಗ. ಅವನು ಅವತ್ತು ರಾತ್ರಿಯೇ ಒಂದು ಪಟ್ಟಿ ಕಳಿಸಿದ. 1999ರ ಬ್ಲಾಗರ್, ಅದನ್ನು ಗೂಗಲ್ ಕೊಂಡದ್ದು 2003ರಲ್ಲಿ. ಅದೇ 2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್. ಬ್ಲಾಗರ್ ಕಟ್ಟಿದವರಲ್ಲೊಬ್ಬರಾದ ಇವಾನ್ ವಿಲಿಯಮ್ಸ್ 2012ರಲ್ಲಿ ತಂದ ಮೀಡಿಯಮ್. ಆಮೇಲೆ ಘೋಸ್ಟ್, ಸಬ್‌ಸ್ಟ್ಯಾಕ್, ರೈಟ್‌ ಡಾಟ್ ಆಸ್, ಬೇರ್. ಒಂದು ದೆವ್ವ, ಒಂದು ಕರಡಿ. ಬ್ಲಾಗ್ ಹುಡುಕುತ್ತಾ ನಾನು ಜೋಗಿಮಟ್ಟಿ ಕಾಡಿಗೆ ಬಂದೆನೋ ಹೇಗೆ ಅನ್ನಿಸಿತು.

ಮೊದಲು ನುಗ್ಗಿದ್ದು ಎಲ್ಲರೂ ನುಗ್ಗುವ ಜಾಗಕ್ಕೆ. ಹೆಸರು ಬೇಡ. ಬರೆಯಲು ಕೂತರೆ ಬರೆಯುವ ಜಾಗ ಪುಟದ ನಡುವೆ ಅಂಗೈಯಗಲ, ಉಳಿದದ್ದೆಲ್ಲ ದುಗ್ಗಮ್ಮನ ಜಾತ್ರೆ. ಥೀಮ್ ಆರಿಸಿ. ವಿಭಾಗ ಆರಿಸಿ. ಟ್ಯಾಗ್ ಹಾಕಿ. ಮುಖಚಿತ್ರ ಎಲ್ಲಿ? ತಕ್ಕಡಿ ಹೋಗಿ ಎಲೆಕ್ಟ್ರಾನಿಕ್ ಕಾಟಾ ಬಂದ ಕಾಲದ ಬಗ್ಗೆ ನಾಲ್ಕು ಮಾತು ಬರೆಯೋಣ ಅಂತ ಕೂತವನು ರಾತ್ರಿ ಹನ್ನೊಂದರವರೆಗೆ ತಕ್ಕಡಿಯ ಚಿತ್ರ ಹುಡುಕಿದೆ. ಸಿಕ್ಕಿದ್ದೆಲ್ಲ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ನ್ಯಾಯದೇವತೆಯವು. ಈ ಗದ್ದಲ ಬೇಡವೆಂದರೆ ಗಮನ ಚದುರದ ಹಾಗೆ ಬರೆಯಲು ಬೇರೆಯೇ ಒಂದು ಬಟನ್ ಇದೆ ಎಂದ ಅಳಿಯ. ಅದು ಮೂರು ಚುಕ್ಕಿಯ ಹಿಂದೆ, ಮತ್ತೊಂದು ಪಟ್ಟಿಯೊಳಗೆ ಕೂತಿತ್ತು. ಅದನ್ನು ಹುಡುಕುವಷ್ಟರಲ್ಲಿ ಏನು ಬರೆಯಬೇಕೆಂದಿದ್ದೆ ಎಂಬುದೇ ಮರೆತಿತ್ತು.

ಇದಾದರೂ ತಡೆದುಕೊಳ್ಳಬಹುದು. ಕನ್ನಡದವನಿಗೆ ಇರುವ ಕಷ್ಟವೇ ಬೇರೆ. ಪುಟಕ್ಕೆ ತೊಡಿಸುವ ಈ ಥೀಮು ಎಂಬ ಸಿದ್ಧ ಉಡುಪುಗಳನ್ನು ಹೊಲಿದವರು ಇಂಗ್ಲಿಷಿನ ಅಳತೆ ತೆಗೆದುಕೊಂಡು ಹೊಲಿದಿರುತ್ತಾರೆ. ಇಂಗ್ಲಿಷ್ ಅಕ್ಷರ ಸಾಲಿನಿಂದ ಕೆಳಗೆ ಇಳಿಯುವುದು ಒಂದೆರಡು ಬಾಲ ಅಷ್ಟೆ. ನಮ್ಮದು ನೆಲಮಾಳಿಗೆ ಇರುವ ಮನೆ. ಒತ್ತಕ್ಷರ ಕೆಳಗೆ ಸಂಸಾರ ಹೂಡುತ್ತದೆ, ರಾಷ್ಟ್ರ ಅಂದರೆ ಒತ್ತಿನ ಮೇಲೊಂದು ಒತ್ತು. ಸಾಲಿಗೆ ಸಾಲು ಒತ್ತರಿಸಿದ ಥೀಮಿನಲ್ಲಿ ನನ್ನ 'ಅಜ್ಜನ ತಕ್ಕಡಿ' ಎಂಬ ದಪ್ಪ ತಲೆಬರಹ ಬುಡ ಕತ್ತರಿಸಿಕೊಂಡು 'ಅಜನ ತಕಡಿ' ಎಂದು ಬಂತು. ಅಂದದ ತಲೆಬರಹ ಬೇಕೆಂದು ಅಕ್ಷರಕ್ಕೂ ಅಕ್ಷರಕ್ಕೂ ನಡುವೆ ಅಂತರ ಬಿಡಿಸಿದ ಇನ್ನೊಂದು ಥೀಮಿನಲ್ಲಿ ಪದ ಯಾವುದು, ಪದಗಳ ನಡುವಿನ ಜಾಗ ಯಾವುದು ತಿಳಿಯದೆ ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡು ಮಾತಾಡಿದ ಹಾಗಾಯಿತು.

ಇನ್ನೊಂದು ಕಡೆ ಪಕ್ಕದಲ್ಲೇ ಮೇಷ್ಟರೊಬ್ಬರು ಕೂತಿದ್ದರು. ಮನುಷ್ಯರಲ್ಲ, ಯಂತ್ರ. ನಿಮ್ಮ ಮುಖ್ಯ ಪದ ಯಾವುದು ಎಂದು ಕೇಳಿತು. ದಾವಣಗೆರೆ ಎಂದು ಕೊಟ್ಟೆ. ಬರಹವನ್ನೆಲ್ಲ ತಡಕಿ, ಈ ಪದ ನಿಮ್ಮ ಬರಹದಲ್ಲಿ ಇಲ್ಲವೇ ಇಲ್ಲ ಎಂದು ಕೆಂಪು ದೀಪ ಹಚ್ಚಿತು. ದಾವಣಗೆರೆಯಲ್ಲಿ, ದಾವಣಗೆರೆಯಿಂದ, ದಾವಣಗೆರೆಯವರಿಗೆ ಎಂದು ಆರು ಸಲ ಬರೆದಿದ್ದೆ. ವಿಭಕ್ತಿ ಹತ್ತಿದ ಕೂಡಲೇ ಊರಿನ ಗುರುತೇ ಅದಕ್ಕೆ ಸಿಗಲಿಲ್ಲ. ಕೆಳಗೆ ಓದುವ ಸಮಯ ಬೇರೆ ತೋರಿಸಿತು, ಒಂದು ನಿಮಿಷ. ಪದ ಎಣಿಸಿ ಸಮಯ ಹೇಳುವ ಲೆಕ್ಕ ಅದು. ಬರೆಯಬೇಕಾಗಿತ್ತಲ್ಲವೇ ಎಂಬುದೂ ಅದಕ್ಕೆ ಒಂದೇ ಪದ. ನಮ್ಮ ಹಾಗೆ ಅಂಟಿಸಿ ಮಾತಾಡುವವರು ಯಾವಾಗಲೂ ಬೇಗ ಮುಗಿಸುವವರು ಅಂತ ಅದರ ನಂಬಿಕೆ. ನಮ್ಮೂರಿನ ಸಭೆಗಳಿಗೆ ಅದು ಬಂದಿಲ್ಲ.

ವಿಳಾಸದ ಕತೆಯನ್ನು ಹೇಳದಿದ್ದರೆ ಸಮಾಧಾನವಿಲ್ಲ. ಕನ್ನಡದಲ್ಲೇ ತಲೆಬರಹ ಕೊಟ್ಟರೆ ಕೆಲವು ತಾಣಗಳು ಪುಟದ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತವೆ. ನೋಡಲು ಚೆಂದ, ಹೆಮ್ಮೆಯೂ ಆಗುತ್ತದೆ. ಅದನ್ನು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದಾಗ ಗೊತ್ತಾಗುತ್ತದೆ. ದಾವಣಗೆರೆ ನಮ್ಮ ಬಾಯಲ್ಲಿ 5 ಅಕ್ಷರ. ಕಂಪ್ಯೂಟರಿಗೆ ದೀರ್ಘ, ಎತ್ವ ಎಲ್ಲ ಬೇರೆಬೇರೆ, ಹಾಗಾಗಿ 8. ಕಂಪ್ಯೂಟರು ಅಕ್ಷರ ಗುರುತಿಸುವ ಯೂನಿಕೋಡ್ ಪದ್ಧತಿಯ ರೂಢಿಯ ಬರವಣಿಗೆಯಲ್ಲಿ ಒಂದೊಂದಕ್ಕೂ 3 ಬೈಟು, 24 ಆಯಿತು. ವಿಳಾಸದಲ್ಲಿ ಪ್ರತಿ ಬೈಟಿಗೂ ಒಂದು ಶೇಕಡಾ ಗುರುತು ಮತ್ತು ಎರಡು ಅಂಕಿ-ಅಕ್ಷರ, ಅಲ್ಲಿಗೆ 72. ಒಂದು ಊರಿನ ಹೆಸರಿಗೇ 72 ಡಬ್ಬಿ! ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ ಸ್ಕೂಟರ್ ಆಫ್ ಮಾಡಿ ಗೂಡ್ಸ್ ಗಾಡಿ ಎಣಿಸಿದವರಿಗೆ ನಾನು ಹೇಳುವುದು ಅರ್ಥವಾದೀತು. ನನ್ನ ಪೂರ್ತಿ ತಲೆಬರಹದ ಕೊಂಡಿ ನೋಡಿದ ತಂಗಿ ಫೋನ್ ಮಾಡಿ, "ಅಣ್ಣ, ನಿನ್ ನಂಬರ್ ಯಾರೋ ಹ್ಯಾಕ್ ಮಾಡಿದಾರೆ, ಏನೇನೋ ಬರ್ತಾ ಐತೆ, ನಾನಂತೂ ಒತ್ತಲಿಲ್ಲ" ಎಂದಳು.

ಅಳಿಯ ಸೋಲುವವನಲ್ಲ. "ಮಾಮ, ನಿಂಗೆ ಬಟನ್ನೇ ಇಲ್ಲದ್ದು ಬೇಕು, ಅಷ್ಟೇ ತಾನೆ? ಐತೆ. ಆದ್ರೆ ಅವುಗಳಲ್ಲಿ ಕೆಲವಕ್ಕೆ ದುಡ್ಡು ಕೊಡಬೇಕು" ಎಂದ. ಇಷ್ಟೆಲ್ಲ ಕೊಡುವವರು ಪುಕ್ಕಟೆ ಕೊಡುವಾಗ ಏನೂ ಕೊಡದವರಿಗೆ ದುಡ್ಡು ಯಾಕೆ ಎಂಬುದು ಅವನ ತಕರಾರು. ನಾನು ಅವನನ್ನು ಬೆಣ್ಣೆ ದೋಸೆ ತಿನ್ನಲು ಕರೆದುಕೊಂಡು ಹೋದೆ.

ನಮ್ಮೂರಿನ ಹಳೇ ದೋಸೆ ಹೋಟೆಲುಗಳಲ್ಲಿ ಮೆನು ಕಾರ್ಡ್ ಕೇಳಿದರೆ ನಗುತ್ತಾರೆ. ಕಟ್ಟಿಗೆ ಒಲೆ, ಮೇಲೆ ಕಾವಲಿ, ಪಕ್ಕದಲ್ಲಿ ಬೆಣ್ಣೆಯ ಪಾತ್ರೆ. ಕೂತ ಮೇಲೆ ಹುಡುಗ ಕೇಳುವುದು ಒಂದೇ ಮಾತು, "ಬೆಣ್ಣೆನೋ, ಖಾಲಿನೋ?" ಪಲ್ಯ ಬಿಳಿ ಆಲೂಗಡ್ಡೆಯದು, ಚಟ್ನಿ ಕೊಬ್ಬರಿಯದು, ಅದರಲ್ಲಿ ಆಯ್ಕೆಯಿಲ್ಲ. ಹಿಂದೊಮ್ಮೆ ಬೆಂಗಳೂರಿನಿಂದ ಬಂದ ನೆಂಟರೊಬ್ಬರು ಅಲ್ಲಿ ಈರುಳ್ಳಿ ಉತ್ತಪ್ಪ ಇದೆಯಾ ಎಂದು ಕೇಳಿದ್ದರು. ಹುಡುಗ ಅವರ ಮುಖವನ್ನೊಮ್ಮೆ ನೋಡಿ, ನನ್ನ ಕಡೆ ತಿರುಗಿ, "ಇವರಿಗೂ ಬೆಣ್ಣೆನೇ ಹೇಳ್ಲಾ?" ಎಂದ. ನೆಂಟರು ಎರಡು ತಿಂದರು, ಉತ್ತಪ್ಪದ ಮಾತೆತ್ತಲಿಲ್ಲ. ಬೆಣ್ಣೆ ದೋಸೆಗೆ ಬಿಲ್ ಕೊಟ್ಟು ಹೊರಗೆ ಬಂದಾಗ ಅಳಿಯ ಮತ್ತೆ ದುಡ್ಡಿನ ತಕರಾರು ತೆಗೆಯಲಿಲ್ಲ. ಬಾಯಿ ಒರೆಸಿಕೊಂಡು ಗಾಡಿ ಹತ್ತಿದ.

ಸರಳ ತಾಣಗಳಲ್ಲಿ ಬರೆಯುವುದಕ್ಕೆ ಮಾರ್ಕ್‌ಡೌನ್ ಎಂಬ ಒಂದು ರೂಢಿ ಇದೆ. ಜಾನ್ ಗ್ರೂಬರ್ ಎಂಬವರು 2004ರಲ್ಲಿ ಹೊರತಂದದ್ದು. ದಪ್ಪ ಅಕ್ಷರ ಬೇಕಾದರೆ ಬಟನ್ ಹುಡುಕಬೇಡ, ಪದದ ಎರಡೂ ಬದಿಗೆ ಎರಡೆರಡು ನಕ್ಷತ್ರ ಇಡು. ತಲೆಬರಹಕ್ಕೆ ಮುಂದೊಂದು ಹ್ಯಾಷ್ ಗುರುತು. ಗುಮಾಸ್ತರಿಗೆ ಇದನ್ನು ಕಲಿಸಬೇಕಾಗಿಲ್ಲ. ಪಾವತಿಯಾದ ಕಲಮಿನ ಪಕ್ಕ ಒಂದು ಗೀಟು, ಬಾಕಿಗೆ ಒಂದು ಸೊನ್ನೆ, ಸಾಹುಕಾರರನ್ನು ಕೇಳಬೇಕಾದ್ದಕ್ಕೆ ಒಂದು ಕೊಕ್ಕೆ ಇಟ್ಟುಕೊಂಡೇ ನಾವು ಜೀವನ ಮಾಡಿದವರು. ಹೀಗೆ ಬರೆದದ್ದು ಬರಿಯ ಅಕ್ಷರದ ಕಡತವಾಗಿ ಉಳಿಯುತ್ತದೆ, ಎಲ್ಲಿಗೆ ಬೇಕಾದರೂ ಹೊತ್ತುಕೊಂಡು ಹೋಗಬಹುದು. ಇದು ಸಣ್ಣ ವಿಷಯವಲ್ಲ. ಊರೆಲ್ಲ ಕೂತಿದ್ದ ಆರ್ಕುಟ್ ಎಂಬ ತಾಣ 2014ರಲ್ಲಿ ಬಾಗಿಲು ಹಾಕಿತು. ನಾನು ಒಂದು ಕಾಲಕ್ಕೆ ಆರು ಬರಹ ಕೊಟ್ಟಿದ್ದ ಒಂದು ತಾಣ ಹೇಳದೆ ಕೇಳದೆ ಮಾಯವಾಯಿತು, ಬರಹವೂ ಅದರ ಜೊತೆ. ಬ್ಲಾಗರ್, ವರ್ಡ್‌ಪ್ರೆಸ್, ಘೋಸ್ಟ್ ಮೂರರಲ್ಲೂ ಬರೆದದ್ದನ್ನೆಲ್ಲ ಗಂಟು ಕಟ್ಟಿ ಇಳಿಸಿಕೊಳ್ಳಲು ದಾರಿ ಇದೆ. ಮಂಡಿ ಬದಲಾದರೂ ಕಿರ್ದಿ ನಮ್ಮ ಬಗಲಲ್ಲಿ ಇರಬೇಕು. ಬೇರೆ ಏನು ನೋಡದಿದ್ದರೂ ಇದೊಂದನ್ನು ನೋಡಿಕೊಂಡೇ ಹೊಸ ಜಾಗಕ್ಕೆ ಕಾಲಿಟ್ಟೆ.

ಕೊನೆಗೆ ಒಂದನ್ನು ಆರಿಸಿದೆ. ಯಾವುದು ಎಂದು ಹೇಳುವುದಿಲ್ಲ. ನಾನು ಸರಳ ಎಂದು ಹೊಗಳಿದ ಮರುದಿನವೇ ಅವರು ನಾಲ್ಕು ಬಟನ್ ಸೇರಿಸಿದರೆ ನಾನು ಯಾರಿಗೆ ಉತ್ತರ ಕೊಡಲಿ? ಬಿಳಿ ಪುಟ, ತಾರೀಖು, ಬರಹ. ಒತ್ತಕ್ಷರಕ್ಕೆ ಕಾಲು ಚಾಚಲು ಜಾಗವಿದೆ. ವಿಳಾಸವನ್ನು ಇಂಗ್ಲಿಷಿನಲ್ಲಿ ನಾವೇ ಗಿಡ್ಡಗೆ ಕೊಡಬಹುದು. ಆದರೆ ಅಲ್ಲೂ ಮೂಲೆಯಲ್ಲಿ ಒಂದು ಎಣಿಕೆ ಇತ್ತು, ಎಷ್ಟು ಜನ ನೋಡಿದರು ಅಂತ. ಮೊದಲ ದಿನ 14 ಇತ್ತು. ಅದರಲ್ಲಿ ಒಂಬತ್ತು ನಾನೇ, ಎಷ್ಟು ಜನ ನೋಡಿದರು ಅಂತ ನೋಡಲು ಹೋದದ್ದು. ಉಪ್ಪಿನಕಾಯಿ ಹಾಕಿದ ಮಾರನೆಯ ದಿನದಿಂದ ಭರಣಿ ಮುಚ್ಚಳ ತೆಗೆದು ನೋಡಿದರೆ ಅದು ಬೂಷ್ಟು ಹಿಡಿಯದೆ ಇರುತ್ತದೆಯೇ? ಅಳಿಯನಿಗೆ ಹೇಳಿ ಆ ಎಣಿಕೆಯನ್ನು ಮರೆ ಮಾಡಿಸಿದೆ. ಎಲ್ಲ ಬಟನ್ನುಗಳಿಗಿಂತ ನನ್ನನ್ನು ಹೆಚ್ಚು ಎಳೆದಾಡಿದ್ದು ಅದೊಂದೇ ಅಂಕಿ.

ಈಗ ಅದರಲ್ಲಿ ನಮ್ಮ ಮಂಡಿಯ ಹಿರೇ ಹಮಾಲನ ಬಗ್ಗೆ ಬರೆದಿದ್ದೇನೆ. ಮೆಕ್ಕೆಜೋಳದ ಚೀಲದ ಬಾಯಿ ಹೊಲಿಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಎರಡು ಮೂಲೆಯನ್ನು ಕಿವಿಯ ಹಾಗೆ ಎಳೆದು ಕಟ್ಟಿ, ಬಲಗೈಯಲ್ಲಿ ದಬ್ಬಣ ಹಿಡಿದು, ಹುರಿಯನ್ನು ಹಲ್ಲಲ್ಲಿ ಕಚ್ಚಿ, ಸರಸರ ಹೊಲಿದು ಮುಗಿಸುವಷ್ಟರಲ್ಲಿ ನನ್ನ ತೂಕದ ಚೀಟಿ ಅರ್ಧ ಆಗಿರುತ್ತದೆ. ಒಂದೇ ಕೂತಕ್ಕೆ ಬರೆದೆ, ಚಿತ್ರ ಹುಡುಕಲಿಲ್ಲ.

ಸಾಹುಕಾರರು ಕೇಳಿದರು, "ಎಷ್ಟು ಜನ ಓದಿದ್ರೋ ನಿನ್ನ ಬ್ಲಾಗು?"

"ಗೊತ್ತಿಲ್ರಿ. ಅದರಾಗೆ ಕಾಣಂಗಿಲ್ಲ."

"ಲೆಕ್ಕ ಇಲ್ಲದ ಪುಸ್ತಕ ಎಂಥದ್ದೋ ಅದು? ಗುಮಾಸ್ತ ಅಂತ ಹೆಂಗೆ ಇಟ್ಕಂಡೆನೋ ನಿನ್ನ" ಎಂದು ನಕ್ಕು ಟೆಂಡರಿಗೆ ಎದ್ದು ಹೋದರು.

ಸಂಜೆ ಅವನೇ ಬಂದ, ಹಿರೇ ಹಮಾಲ. ಹೆಗಲ ಮೇಲಿನ ಟವೆಲಿನಿಂದ ಜೋಳದ ಧೂಳು ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತ. ಮಗಳು ಫೋನಿನಲ್ಲಿ ಓದಿ ಹೇಳಿದಳಂತೆ. ಚೆನ್ನಾಗೈತೆ ಅಂದ. ಆಮೇಲೂ ಹೋಗಲಿಲ್ಲ, ಅಲ್ಲೇ ನಿಂತಿದ್ದ.

"ಏನೋ?" ಎಂದೆ.

"ಏನಿಲ್ರಿ ಅಣ್ಣಾರೆ. ನೀವು ಬಲಗೈ ಅಂತ ಬರ್ದೀರಂತೆ. ನಾನು ಎಡಚ ಅಲ್ವೇನ್ರಿ."

ಇಪ್ಪತ್ತೆರಡು ವರ್ಷ ಎದುರಿಗೇ ಕೂತು ನೋಡಿದ್ದೇನೆ. ಅವನು ಹೋದ ಮೇಲೆ ಬರಹ ತೆರೆದೆ. ಕಿರ್ದಿಯಲ್ಲಿ ತಪ್ಪಿದ್ದನ್ನು ಉಜ್ಜಿ ಅಳಿಸುವ ಹಾಗಿಲ್ಲ, ಕೆಳಗಿನದು ಕಾಣುವಂತೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ಇದರಲ್ಲಿ ಹೇಗೆ ಎಂದು ಅಳಿಯನನ್ನು ಕೇಳಿದೆ. ಪದದ ಆಚೆಗೆರಡು ಈಚೆಗೆರಡು ಅಲೆಗೆರೆ ಇಡು ಮಾಮ ಎಂದ. ಇಟ್ಟೆ. ಬಲಗೈಯ ಮೇಲೆ ಗೆರೆ ಬಂತು. ಮುಂದೆ ಎಡಗೈ ಎಂದು ಬರೆದೆ.